ಬರಿದಲ್ಲದ ಆಕಾಶ: ಹೆಂಡ್ರಿಕ್ ಲೊರೆಂಟ್ಸ್

ನಮ್ಮ ಕಾಲೇಜುಗಳಲ್ಲಿ ಭೌತಶಾಸ್ತ್ರವನ್ನು ಐಚ್ಛಿಕವಾಗಿ ತೆಗೆದುಕೊಂಡ ವಿದ್ಯಾರ್ಥಿ ಲೊರೆಂಟ್ಸ್ ಎಂಬ ಹೆಸರನ್ನು ಪದವಿ ಮುಗಿಯುವುದರೊಳಗೆ ನೂರಾರು ಸಲ ಬರೆಯುತ್ತಾನೆ. ಲೊರೆಂಟ್ಸ್ ಬಲ, ಲೊರೆಂಟ್ಸ್ ಸಂಕೋಚನ, ಲೊರೆಂಟ್ಸ್ ರೂಪಾಂತರ ಎಂದು ಹೆಸರು ಸೂತ್ರಗಳಿಗೆ ಅಂಟಿಕೊಂಡು, ಹೆಸರಿನ ಒಡೆಯನೇ ಮರೆಗೆ ಸರಿದಿದ್ದಾನೆ. ಸಾಲದುದಕ್ಕೆ, ಅದೇ ಪಠ್ಯಪುಸ್ತಕಗಳಲ್ಲಿ ಟಕಾರವಿಲ್ಲದ ಲೊರೆನ್ಸ್ ಎಂಬ ಡೆನ್ಮಾರ್ಕಿನ ವಿದ್ವಾಂಸನೊಬ್ಬನೂ ಇದ್ದಾನೆ. ಬೆಳಕಿನ ವಕ್ರೀಭವನಕ್ಕೆ ಸಂಬಂಧಿಸಿದ ಒಂದು ಸೂತ್ರ ಇಬ್ಬರ ಹೆಸರನ್ನೂ ಜೋಡಿಯಾಗಿ ಹೊತ್ತಿದೆ. ಇವರಿಬ್ಬರೂ ಒಬ್ಬನೇ ಎಂದು ನಂಬಿಕೊಂಡೇ ಪದವಿ ಪಡೆದು ಹೋದವರನ್ನು ನಾನು ಬಲ್ಲೆ.

ಆದರೆ ಲೊರೆಂಟ್ಸನ ಜೀವನವನ್ನು ಕುರಿತು ಬರೆಯಬೇಕೆಂದು ನನಗೆ ತೋರಿದ್ದು ಬೇರೊಂದು ಕಾರಣದಿಂದ. ೨೦೧೨ರ ಜುಲೈ ೪ರಂದು ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನಾಲಯದವರು ಹಿಗ್ಸ್ ಕಣವೆಂದು ತೋರುವ ಹೊಸ ಕಣವೊಂದು ತಮಗೆ ಕಾಣಿಸಿತೆಂದು ಪ್ರಕಟಿಸಿದರು. ಆಕಾಶದ ಮೂಲೆಮೂಲೆಯನ್ನೂ ತುಂಬಿಕೊಂಡಿರುವ ಒಂದು ಕ್ಷೇತ್ರವಿದೆ, ಮೂಲಕಣಗಳಿಗೆ ದ್ರವ್ಯರಾಶಿ ಬರುವುದು ಅದರಿಂದಲೇ ಎಂಬ ಮಾತು ಅಂದಿನಿಂದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಆ ಮಾತು ಕಣ್ಣಿಗೆ ಬಿದ್ದಾಗಲೆಲ್ಲ ನನಗೆ ಮೊದಲು ನೆನಪಾಗುವವರು ಹಿಗ್ಸ್ ಅಲ್ಲ. ನೂರು ವರ್ಷಗಳಿಗೂ ಹಿಂದೆ ಆಕಾಶ ಬರಿದಲ್ಲವೆಂದು ಪಟ್ಟು ಹಿಡಿದು, ಕಣದ ದ್ರವ್ಯರಾಶಿಯನ್ನು ಕ್ಷೇತ್ರದಿಂದ ಪಡೆಯಲು ಹೆಣಗಿ, ಸೋತು, ಸೋತ ಮೇಲೂ ಘನತೆಗೆಡದೆ ಬಾಳಿದ ಆ ಡಚ್ಚರವನು.

ಹೆಂಡ್ರಿಕ್ ಆಂಟೂನ್ ಲೊರೆಂಟ್ಸ್ ೧೮೫೩ರ ಜುಲೈ ೧೮ರಂದು ಹಾಲೆಂಡಿನ ಆರ್ನ್‌ಹೆಮ್ ಪಟ್ಟಣದಲ್ಲಿ ಹುಟ್ಟಿದ. ತಂದೆಯದು ಸಸಿಗಳನ್ನು ಬೆಳೆಸಿ ಮಾರುವ ತೋಟ. ತಾಯಿ ಮಗನ ಎಳೆತನದಲ್ಲಿಯೇ ತೀರಿಕೊಂಡಳು; ೧೮೬೨ರಲ್ಲಿ ಮನೆಗೆ ಮಲತಾಯಿ ಬಂದಳು. ೧೮೭೦ರಲ್ಲಿ ಲೈಡನ್ ವಿಶ್ವವಿದ್ಯಾಲಯವನ್ನು ಸೇರಿದವನು ಒಂದೇ ವರ್ಷದಲ್ಲಿ ಮೊದಲ ಪದವಿಯನ್ನು ಮುಗಿಸಿ, ೧೮೭೨ರಲ್ಲಿ ಊರಿಗೆ ಹಿಂದಿರುಗಿ ಸಂಜೆ ಶಾಲೆಯೊಂದರಲ್ಲಿ ಉಪಾಧ್ಯಾಯನಾದ. ಹಗಲೆಲ್ಲ ತನ್ನ ಓದು, ಸಂಜೆ ಪಾಠ. ಹೀಗೆ ಮೂರು ವರ್ಷ ಕಳೆದು, ಬೆಳಕಿನ ಪ್ರತಿಫಲನ ಹಾಗೂ ವಕ್ರೀಭವನವನ್ನು ಮ್ಯಾಕ್ಸ್‌ವೆಲ್ಲನ ವಿದ್ಯುತ್ಕಾಂತ ಸಿದ್ಧಾಂತದಿಂದ ವಿವರಿಸುವ ಪ್ರಬಂಧವನ್ನು ಒಪ್ಪಿಸಿ ೧೮೭೫ರಲ್ಲಿ ಡಾಕ್ಟರ್ ಪದವಿಯನ್ನು ಪಡೆದ. ಆಗ ಆತನಿಗೆ ೨೨ ವರ್ಷ. ೧೮೭೮ರಲ್ಲಿ ಲೈಡನ್ನಿನಲ್ಲಿ ಸೈದ್ಧಾಂತಿಕ ಭೌತಶಾಸ್ತ್ರಕ್ಕೆಂದೇ ಹೊಸದಾಗಿ ಏರ್ಪಟ್ಟ ಪೀಠಕ್ಕೆ ಪ್ರೊಫೆಸರಾಗಿ ಆತನನ್ನು ಕರೆದರು. ೨೪ರ ಹರೆಯದ ಪ್ರೊಫೆಸರ್!

ಮುಂದಿನ ಇಪ್ಪತ್ತು ವರ್ಷಗಳಲ್ಲಿ ಹೊರಗಿನಿಂದ ನೋಡುವವರಿಗೆ ಹೇಳಿಕೊಳ್ಳುವಂಥದೇನೂ ನಡೆಯಲಿಲ್ಲ. ೧೮೮೧ರಲ್ಲಿ ಮದುವೆಯಾಯಿತು, ಮಕ್ಕಳಾದರು. ಪಾಠ, ಮನೆ, ಲೆಕ್ಕ. ಹೊರದೇಶದ ವಿಜ್ಞಾನ ಸಭೆಯೊಂದಕ್ಕೆ ಆತ ಮೊದಲು ಹೋದದ್ದು ೧೮೯೮ರಲ್ಲಿ, ತನ್ನ ೪೫ನೆಯ ವಯಸ್ಸಿನಲ್ಲಿ. ಇಂದಿನ ವಿದ್ವಾಂಸರು ತಿಂಗಳಿಗೊಂದು ಸಮ್ಮೇಳನಕ್ಕೆ ಹಾರುವುದನ್ನು ಕಂಡಾಗ, ಈ ಮನುಷ್ಯ ತನ್ನ ಅತ್ಯುತ್ತಮ ಕೆಲಸದ ಬಹುಭಾಗವನ್ನು ಊರು ಬಿಟ್ಟು ಕದಲದೆಯೇ ಮಾಡಿದನೆಂಬುದನ್ನು ನೆನೆದು ನನಗೆ ಒಳಗೊಳಗೇ ಸಂತೋಷವಾಗುತ್ತದೆ.

ಆ ಕೆಲಸವೇನೆಂಬುದನ್ನು ತುಸು ನಿಧಾನವಾಗಿ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಭೌತವಿಜ್ಞಾನಿಗಳಿಗೆ ಆಕಾಶ ಶೂನ್ಯವಾಗಿರಲಿಲ್ಲ. ಬೆಳಕು ಅಲೆಯಾದರೆ ಅಲೆ ಏಳಲು ಏನಾದರೊಂದು ಬೇಕಲ್ಲವೆ? ನೀರಿಲ್ಲದೆ ತೆರೆಯುಂಟೆ? ಆ ಏನೋ ಒಂದಕ್ಕೆ ಈಥರ್ ಎಂದು ಹೆಸರಿಟ್ಟಿದ್ದರು. ಫ್ಯಾರಡೆ ಮತ್ತು ಮ್ಯಾಕ್ಸ್‌ವೆಲ್ ವಿದ್ಯುತ್ತು ಕಾಂತತೆಗಳನ್ನೂ ಈ ಈಥರಿನ ಸ್ಥಿತಿಗಳಾಗಿಯೇ ಕಂಡರು. ಆದರೆ ವಸ್ತುವೆಲ್ಲಿ ಮುಗಿಯುತ್ತದೆ, ಈಥರ್ ಎಲ್ಲಿ ತೊಡಗುತ್ತದೆ ಎಂಬುದು ಅವರ ಬರಹಗಳಲ್ಲಿ ಕಲಸಿಹೋಗಿತ್ತು. ಲೊರೆಂಟ್ಸ್ ಮಾಡಿದ್ದು ಈ ಕಲಸುಮೇಲೋಗರವನ್ನು ಬಿಡಿಸುವ ಕೆಲಸ. ವಸ್ತುವೆಂಬುದೆಲ್ಲ ವಿದ್ಯುದಾವೇಶವುಳ್ಳ ಅತಿ ಸೂಕ್ಷ್ಮ ಕಣಗಳ ರಾಶಿ. ಆ ಕಣಗಳ ನಡುವೆಯೂ ಅವುಗಳ ಒಳಗೂ ಹೊರಗೂ ವ್ಯಾಪಿಸಿರುವುದು ಅಚಲವಾದ ಈಥರ್. ಕಣ ಈಥರಿನಲ್ಲಿ ಕ್ಷೇತ್ರವನ್ನು ಹುಟ್ಟಿಸುತ್ತದೆ, ಕ್ಷೇತ್ರ ಕಣದ ಮೇಲೆ ಬಲವನ್ನು ಹಾಕುತ್ತದೆ. ಇವೆರಡರ ನಡುವೆ ಇನ್ನಾವ ವ್ಯವಹಾರವೂ ಇಲ್ಲ. ೧೮೯೨ರಲ್ಲಿ ಮೊದಲಾಗಿ ೧೮೯೫ರ ಗ್ರಂಥದಲ್ಲಿ ಬಲಿತ ಈ ಸಿದ್ಧಾಂತದಿಂದಲೇ ನಮ್ಮ ವಿದ್ಯಾರ್ಥಿಗಳು ಕಂಠಪಾಠ ಮಾಡುವ ಲೊರೆಂಟ್ಸ್ ಬಲ ಬಂದದ್ದು.

ಇದಕ್ಕೆ ಪ್ರಮಾಣ ದೊರೆತದ್ದು ಮನೆಯಂಗಳದಲ್ಲಿಯೇ. ೧೮೯೬ರ ಶರತ್ಕಾಲದಲ್ಲಿ ಲೈಡನ್ನಿನ ಪ್ರಯೋಗಶಾಲೆಯಲ್ಲಿ ಪೀಟರ್ ಝೀಮಾನ್ ಎಂಬ ಯುವಕ ಸೋಡಿಯಂ ಜ್ವಾಲೆಯನ್ನು ಪ್ರಬಲವಾದ ಕಾಂತದ ನಡುವೆ ಇಟ್ಟು ನೋಡಿದಾಗ, ಅದರ ಹಳದಿ ರೋಹಿತರೇಖೆಗಳು ಅಗಲವಾದುದನ್ನು ಕಂಡ. ಅಕ್ಟೋಬರ್ ೩೧ರ ಶನಿವಾರ ಆಮ್‌ಸ್ಟರ್‌ಡ್ಯಾಮಿನ ಅಕಾಡೆಮಿಯ ಸಭೆಯಲ್ಲಿ ಈ ಸುದ್ದಿ ಮಂಡಿತವಾಯಿತು. ಸೋಮವಾರ ಲೊರೆಂಟ್ಸ್ ಝೀಮಾನನನ್ನು ತನ್ನ ಕೊಠಡಿಗೆ ಕರೆಸಿ ವಿವರಣೆಯನ್ನು ಕೈಗಿತ್ತ. ನಡುವೆ ಇದ್ದದ್ದು ಒಂದು ಭಾನುವಾರ! ಪರಮಾಣುವಿನೊಳಗೆ ತೂಗಾಡುತ್ತಿರುವ ಆವೇಶಯುಕ್ತ ಕಣವೇ ಬೆಳಕನ್ನು ಹೊರಡಿಸುವುದಾದರೆ ಕಾಂತಕ್ಷೇತ್ರ ಅದರ ಗತಿಯನ್ನು ಹೀಗೆಯೇ ಬದಲಿಸಬೇಕು. ಹಾಗಾದರೆ ಅಗಲವಾದ ರೇಖೆಯ ಅಂಚುಗಳ ಬೆಳಕು ಇಂಥ ರೀತಿಯಲ್ಲಿ ಧ್ರುವೀಕೃತವಾಗಿರಬೇಕು ಎಂದ. ಝೀಮಾನ್ ನೋಡಿದ, ಹಾಗೆಯೇ ಇತ್ತು. ರೇಖೆ ಎಷ್ಟು ಅಗಲವಾಯಿತೆಂಬುದರಿಂದ ಆ ಕಣದ ಆವೇಶಕ್ಕೂ ದ್ರವ್ಯರಾಶಿಗೂ ಇರುವ ಪ್ರಮಾಣವನ್ನು ಲೆಕ್ಕ ಹಾಕಿದಾಗ, ಅದು ಹೈಡ್ರೊಜನ್ ಅಯಾನಿನ ಪ್ರಮಾಣಕ್ಕಿಂತ ಸಾವಿರ ಪಟ್ಟಿಗೂ ಮೀರಿತ್ತು. ಎಂದರೆ ಕಣ ಪರಮಾಣುವಿಗಿಂತ ಬಹಳ ಹಗುರ. ಮರುವರ್ಷ, ೧೮೯೭ರಲ್ಲಿ, ಇಂಗ್ಲೆಂಡಿನ ಜೆ. ಜೆ. ಥಾಮ್ಸನ್ ನಿರ್ವಾತ ಕೊಳವೆಯ ಕಿರಣಗಳಲ್ಲಿ ಅದೇ ಕಣವನ್ನು ಕಂಡ, ಅದೇ ಎಲೆಕ್ಟ್ರಾನ್. ಲೊರೆಂಟ್ಸ್ ಮತ್ತು ಝೀಮಾನ್ ೧೯೦೨ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಎಲೆಕ್ಟ್ರಾನ್ ದೊರೆತ ಮೇಲೆ ಏಳುವ ಪ್ರಶ್ನೆ, ಅದಕ್ಕೆ ದ್ರವ್ಯರಾಶಿ ಎಲ್ಲಿಂದ ಬಂತು ಎಂಬುದು.

ದ್ರವ್ಯರಾಶಿಯೆಂದರೆ ತೂಕವಲ್ಲವೆಂದು ಅಧ್ಯಾಪಕರೆಲ್ಲ ಹೇಳುತ್ತಾರೆ. ಹೇಳಿದ ಮೇಲೆ ಅದು ಏನೆಂಬುದನ್ನು ಹೇಳುವಾಗ ಎಲ್ಲರ ಸ್ವರವೂ ಸ್ವಲ್ಪ ತಗ್ಗುತ್ತದೆ. ನಿಂತ ಗಾಡಿಯನ್ನು ತಳ್ಳಿದರೆ ಅದು ಹೊರಡಲು ಹಟ ಮಾಡುತ್ತದೆ. ಹೊರಟ ಗಾಡಿಯನ್ನು ತಡೆದರೆ ನಿಲ್ಲಲು ಹಟ ಮಾಡುತ್ತದೆ. ಈ ಹಟದ ಅಳತೆಯೇ ದ್ರವ್ಯರಾಶಿ. ನ್ಯೂಟನ್ ಇದನ್ನು ವಸ್ತುವಿನ ಹುಟ್ಟುಗುಣವೆಂದು ಒಪ್ಪಿಕೊಂಡು ಮುಂದೆ ಸಾಗಿದ್ದ. ಥಾಮ್ಸನ್ ೧೮೮೧ರಲ್ಲಿ, ಇನ್ನೂ ಎಲೆಕ್ಟ್ರಾನ್ ಕಾಣಿಸದ ಕಾಲದಲ್ಲಿ, ಒಂದು ಚಮತ್ಕಾರದ ಲೆಕ್ಕ ಮಾಡಿದ್ದ. ವಿದ್ಯುದಾವೇಶವುಳ್ಳ ಗುಂಡೊಂದನ್ನು ತಳ್ಳಿ ಓಡಿಸಿದರೆ ಅದರ ಸುತ್ತ ಕಾಂತಕ್ಷೇತ್ರ ಏಳುತ್ತದೆ. ಆ ಕ್ಷೇತ್ರವನ್ನು ಎಬ್ಬಿಸಲು ಶಕ್ತಿ ಬೇಕು. ಆದ್ದರಿಂದ ಆವೇಶವಿಲ್ಲದ ಗುಂಡಿಗಿಂತ ಆವೇಶವುಳ್ಳ ಗುಂಡನ್ನು ತಳ್ಳುವುದು ಹೆಚ್ಚು ಕಷ್ಟ. ಅದರ ದ್ರವ್ಯರಾಶಿಯೇ ಹೆಚ್ಚಿದಂತೆ ಕಾಣುತ್ತದೆ. ಹಟ ಮಾಡುತ್ತಿರುವುದು ಗುಂಡಲ್ಲ, ಅದನ್ನು ಸುತ್ತಿಕೊಂಡಿರುವ ಕ್ಷೇತ್ರ.

ಇದರಿಂದ ಒಂದು ಆಸೆ ಹುಟ್ಟಿತು. ಎಲೆಕ್ಟ್ರಾನಿನ ದ್ರವ್ಯರಾಶಿಯ ಸ್ವಲ್ಪ ಭಾಗವಷ್ಟೇ ಏಕೆ, ಪೂರ್ತಿಯೂ ಹೀಗೆಯೇ ಬಂದಿರಬಾರದೇಕೆ? ವಸ್ತುವೆಲ್ಲ ಎಲೆಕ್ಟ್ರಾನ್‌ಗಳಿಂದ ಆದದ್ದಾದರೆ ಬೆಟ್ಟದ ಭಾರವೂ ಕೊನೆಗೆ ಕ್ಷೇತ್ರದ ಜಡತ್ವವೇ ಆಗಬಹುದಲ್ಲ! ಲೋಕದಲ್ಲಿರುವುದು ಈಥರ್ ಒಂದೇ, ಮಿಕ್ಕದ್ದೆಲ್ಲ ಅದರ ವಿಕಾರವೆಂದಾದರೆ ಎಷ್ಟು ಸೊಗಸು! ವೇದಾಂತದ ಗಾಳಿ ಸೋಕಿದ ನಮ್ಮ ಓದುಗರಿಗೆ ಇದು ಅಪರಿಚಿತವೆನಿಸಲಾರದು. ಆದರೆ ಲೊರೆಂಟ್ಸ್ ಇಂಥ ಮಾತುಗಳಿಗೆ ಮಾರುಹೋಗುವ ಆಳಾಗಿರಲಿಲ್ಲ. ಲೆಕ್ಕ ಮಾಡಿ, ಪ್ರಯೋಗದ ಬಾಗಿಲಿಗೆ ಕೊಂಡೊಯ್ಯಬೇಕೆಂಬುದು ಆತನ ಪದ್ಧತಿ.

ಪರೀಕ್ಷೆಗೆ ದಾರಿಯೂ ಇತ್ತು. ದ್ರವ್ಯರಾಶಿ ಕ್ಷೇತ್ರದಿಂದ ಬಂದುದಾದರೆ ಕಣದ ವೇಗ ಹೆಚ್ಚಿದಂತೆ ಅದೂ ಹೆಚ್ಚಬೇಕು. ಜರ್ಮನಿಯ ವಾಲ್ಟರ್ ಕೌಫ್‌ಮಾನ್ ರೇಡಿಯಂ ಹೊರಚೆಲ್ಲುವ ಅತಿವೇಗದ ಎಲೆಕ್ಟ್ರಾನ್‌ಗಳನ್ನು ೧೯೦೧ರಿಂದ ಅಳೆಯುತ್ತ ಬಂದಿದ್ದ. ವೇಗದೊಡನೆ ದ್ರವ್ಯರಾಶಿ ಹೆಚ್ಚುತ್ತದೆಂಬುದು ಖಚಿತವಾಯಿತು. ಎಷ್ಟು ಹೆಚ್ಚುತ್ತದೆಂಬುದರಲ್ಲಿ ಎರಡು ಪಕ್ಷಗಳಾದವು. ಮಾಕ್ಸ್ ಅಬ್ರಹಾಂ ಎಲೆಕ್ಟ್ರಾನನ್ನು ಎಂದೂ ಬದಲಾಗದ ಗಟ್ಟಿ ಗೋಲವೆಂದು ಭಾವಿಸಿ ಒಂದು ಸೂತ್ರವನ್ನು ಕೊಟ್ಟ. ಲೊರೆಂಟ್ಸನ ಎಲೆಕ್ಟ್ರಾನ್ ಓಡುವ ದಿಕ್ಕಿನಲ್ಲಿ ಚಪ್ಪಟೆಯಾಗುತ್ತಿತ್ತು. ಅದರ ಸೂತ್ರ ಬೇರೆ.

ಈ ಚಪ್ಪಟೆಯ ಹಿಂದೆ ಒಂದು ಕಥೆಯಿದೆ. ಈಥರ್ ಅಚಲವಾಗಿದ್ದು ಭೂಮಿ ಅದರೊಳಗೆ ಓಡುತ್ತಿದ್ದರೆ ನಮಗೆ ಈಥರಿನ ಗಾಳಿ ಬೀಸಬೇಕು. ಅಮೆರಿಕದಲ್ಲಿ ಮೈಕೆಲ್ಸನ್ ಮತ್ತು ಮಾರ್ಲೆ ೧೮೮೭ರಲ್ಲಿ ಅದನ್ನು ಹುಡುಕಿದರು. ಗಾಳಿಯ ಸುಳಿವೇ ಇಲ್ಲ. ಐರ್ಲೆಂಡಿನ ಫಿಟ್ಸ್‌ಜೆರಾಲ್ಡ್ ೧೮೮೯ರಲ್ಲಿಯೂ, ಅವನ ಮಾತನ್ನು ಅರಿಯದ ಲೊರೆಂಟ್ಸ್ ೧೮೯೨ರಲ್ಲಿಯೂ ಒಂದೇ ಉಪಾಯವನ್ನು ಕಂಡರು: ಈಥರಿನಲ್ಲಿ ಓಡುವ ವಸ್ತು ಓಟದ ದಿಕ್ಕಿನಲ್ಲಿ ಅತ್ಯಲ್ಪವಾಗಿ ಕುಗ್ಗುತ್ತದೆ, ಆದುದರಿಂದ ಗಾಳಿ ಗೊತ್ತಾಗುವುದಿಲ್ಲ. ಅನಂತರ ಓಡುವ ವಸ್ತುವಿಗೆ ಪ್ರತ್ಯೇಕವಾದ ಸ್ಥಳೀಯ ಕಾಲವೊಂದನ್ನೂ ಲೊರೆಂಟ್ಸ್ ಲೆಕ್ಕದ ಅನುಕೂಲಕ್ಕೆಂದು ಕಲ್ಪಿಸಿದ. ೧೯೦೪ರ ಹೊತ್ತಿಗೆ ಈ ಎರಡೂ ಕೂಡಿ, ಮರುವರ್ಷ ಪ್ವಾಂಕಾರೆ ಲೊರೆಂಟ್ಸ್ ರೂಪಾಂತರವೆಂದು ಹೆಸರಿಸಿದ ಸಮೀಕರಣಗಳಾದವು.

೧೯೦೬ರಲ್ಲಿ ಕೌಫ್‌ಮಾನನ ಹೊಸ ಅಳತೆಗಳು ಪೂರ್ಣವಾಗಿ ಪ್ರಕಟವಾದವು. ತೀರ್ಪು ಲೊರೆಂಟ್ಸನಿಗೆ ವಿರುದ್ಧ. ಹತ್ತು ಹನ್ನೆರಡು ವರ್ಷ ಕಟ್ಟಿದ ಮನೆ ಒಂದು ಅಳತೆಯಿಂದ ಉರುಳುವುದನ್ನು ನೋಡುವ ಪ್ರಸಂಗ ಬಂದಾಗ ವಿದ್ವಾಂಸರು ಸಾಮಾನ್ಯವಾಗಿ ಏನು ಮಾಡುತ್ತಾರೆಂಬುದು ಎಲ್ಲರಿಗೂ ಗೊತ್ತು: ಅಳೆದವನನ್ನು ಸಂಶಯಿಸುತ್ತಾರೆ. ಲೊರೆಂಟ್ಸ್ ಆ ಮಾರ್ಚಿಯಲ್ಲಿ ಪ್ವಾಂಕಾರೆಗೆ ಪತ್ರ ಬರೆದು, ತನ್ನ ಕಲ್ಪನೆ ಈ ಫಲಿತಾಂಶಗಳಿಗೆ ವಿರುದ್ಧವಾಗಿದೆ, ತಾನು ಅದನ್ನು ಬಿಟ್ಟುಬಿಡಬೇಕಾಗಿದೆ, ಮುಂದೇನೆಂದು ತನಗೆ ತೋಚದಾಗಿದೆ ಎಂದು ತಿಳಿಸಿದ. ಅದೇ ಫಲಿತಾಂಶ ಐನ್‌ಸ್ಟೈನನ ಹೊಸ ಸಿದ್ಧಾಂತಕ್ಕೂ ವಿರುದ್ಧವಾಗಿತ್ತು. ಆ ತರುಣ ಮಾತ್ರ ಅಳತೆಯಲ್ಲಿಯೇ ಏನೋ ದೋಷವಿರಬಹುದೆಂದು ತಣ್ಣಗೆ ಕುಳಿತ. ೧೯೦೮ರಲ್ಲಿ ಬ್ಯೂಖೆರರನ ಪ್ರಯೋಗ, ಆಮೇಲೆ ೧೯೧೪-೧೬ರ ಇನ್ನೂ ಸೂಕ್ಷ್ಮವಾದ ಪ್ರಯೋಗಗಳು ಲೊರೆಂಟ್ಸ್ ಮತ್ತು ಐನ್‌ಸ್ಟೈನರ ಸೂತ್ರವೇ ಸರಿಯೆಂದು ತೋರಿಸಿದವು. ಐನ್‌ಸ್ಟೈನನ ಧೈರ್ಯವನ್ನು ಲೋಕ ಕೊಂಡಾಡಿದೆ. ಲೊರೆಂಟ್ಸನ ಆ ಪತ್ರ ನನಗೆ ಅದಕ್ಕಿಂತ ಕಡಮೆಯದಾಗಿ ಕಾಣುವುದಿಲ್ಲ. ತನ್ನ ಸೂತ್ರವೇ ಸರಿಯೆಂದು ಆತನಿಗೆ ಆಗ ಗೊತ್ತಿರಲಿಲ್ಲ. ಗೊತ್ತಿಲ್ಲದಾಗ ಪ್ರಯೋಗಕ್ಕೆ ತಲೆಬಾಗಲು ಸಿದ್ಧನಾದ.

ಸೂತ್ರ ಗೆದ್ದರೂ ಹಿಂದಿನ ಆಸೆ ಉಳಿಯಲಿಲ್ಲ. ಎಲೆಕ್ಟ್ರಾನ್ ಸಣ್ಣ ಗೋಲವಾದರೆ ಅದರ ಆವೇಶದ ಭಾಗಗಳು ಒಂದನ್ನೊಂದು ತಳ್ಳಿ ಅದು ಸಿಡಿದುಹೋಗಬೇಕು. ಹಿಡಿದಿಡಲು ವಿದ್ಯುತ್ತಲ್ಲದ ಬೇರೊಂದು ಬಲ ಬೇಕೆಂದು ಅಬ್ರಹಾಂ ತೋರಿಸಿದ, ಪ್ವಾಂಕಾರೆ ಅಂಥ ಬಲವೊಂದನ್ನು ಸೇರಿಸಿದ. ಅಲ್ಲಿಗೆ ಎಲ್ಲವೂ ವಿದ್ಯುತ್ಕಾಂತವೆಂಬ ಮಾತು ಬಿತ್ತು. ಎಲೆಕ್ಟ್ರಾನ್ ಗೋಲವಲ್ಲ, ಬಿಂದುವೆಂದರೆ ಲೆಕ್ಕ ಅನಂತಕ್ಕೆ ಹಾರುತ್ತದೆ. ಇಂದಿನ ಅತಿ ಸೂಕ್ಷ್ಮ ಪ್ರಯೋಗಗಳಲ್ಲಿಯೂ ಎಲೆಕ್ಟ್ರಾನಿಗೆ ಗಾತ್ರವೆಂಬುದು ಕಂಡುಬಂದಿಲ್ಲ. ಎಲೆಕ್ಟ್ರಾನಿನ ದ್ರವ್ಯರಾಶಿ ಅದರ ಸ್ವಂತ ವಿದ್ಯುತ್‌ಕ್ಷೇತ್ರದಿಂದ ಬಂದದ್ದಲ್ಲ.

ಐನ್‌ಸ್ಟೈನ್ ೧೯೦೫ರಲ್ಲಿ ಲೊರೆಂಟ್ಸನ ಸಮೀಕರಣಗಳನ್ನೇ ಬೇರೆ ದಾರಿಯಿಂದ ಪಡೆದು, ಈಥರ್ ಅನಗತ್ಯವೆಂದು ಪಕ್ಕಕ್ಕಿಟ್ಟ. ಸ್ಥಳೀಯ ಕಾಲ ಲೆಕ್ಕದ ಉಪಾಯವಲ್ಲ, ಆ ಓಡುವವನಿಗೆ ಅದೇ ನಿಜವಾದ ಕಾಲವೆಂದ. ಹತ್ತಿರದವರೆಗೆ ಬಂದು ಹೊಸಿಲಲ್ಲಿ ನಿಂತವನಿಗೆ ಇದನ್ನು ಓದಿದಾಗ ಏನೆನಿಸಿರಬೇಕು! ಲೊರೆಂಟ್ಸ್ ಅಸೂಯೆಪಡಲಿಲ್ಲ. ಲೈಡನ್ನಿನ ತರಗತಿಗಳಲ್ಲಿ ಆ ಸಿದ್ಧಾಂತವನ್ನು ತಾನೇ ಪಾಠ ಹೇಳಿದ. ತನ್ನ ಎಲೆಕ್ಟ್ರಾನ್ ಗ್ರಂಥದ ೧೯೧೫ರ ಎರಡನೆಯ ಮುದ್ರಣದಲ್ಲಿ, ತನ್ನ ಸೋಲಿಗೆ ಮುಖ್ಯ ಕಾರಣ ಒಂದೇ ಕಾಲವನ್ನು ನಿಜವಾದ ಕಾಲವೆಂದು ಹಿಡಿದುಕೊಂಡದ್ದೆಂದು ಟಿಪ್ಪಣಿ ಸೇರಿಸಿದ. ಆದರೆ ಈಥರನ್ನು ಕೊನೆಯವರೆಗೂ ಬಿಡಲಿಲ್ಲ. ಶಕ್ತಿಯನ್ನು ಹೊರುವ, ಅಲೆಯನ್ನು ಸಾಗಿಸುವ ಆಕಾಶವನ್ನು ಬರಿಯ ಶೂನ್ಯವೆಂದು ಕರೆಯಲು ಆತನ ಮನಸ್ಸು ಒಪ್ಪಲಿಲ್ಲ. ಐನ್‌ಸ್ಟೈನನಿಗೆ ಇದರಿಂದ ಬೇಸರವಾಗಲಿಲ್ಲವೆಂಬುದು ಇನ್ನೂ ಸ್ವಾರಸ್ಯದ ಸಂಗತಿ. ಆತ ಲೊರೆಂಟ್ಸನನ್ನು ತಂದೆಯಂತೆ ಕಂಡ. ೧೯೧೯ರಲ್ಲಿ ಸೂರ್ಯಗ್ರಹಣದ ಅಳತೆಗಳು ತನ್ನ ಸಿದ್ಧಾಂತವನ್ನು ಎತ್ತಿಹಿಡಿದವೆಂಬ ಸುದ್ದಿ ಅವನಿಗೆ ಬಂದದ್ದು ಲೊರೆಂಟ್ಸ್ ಕಳಿಸಿದ ತಂತಿಯಿಂದ. ೧೯೨೦ರಲ್ಲಿ ಲೈಡನ್ನಿಗೆ ಬಂದು ಮಾಡಿದ ಉಪನ್ಯಾಸದಲ್ಲಿ ಅವನು ಆರಿಸಿಕೊಂಡ ವಿಷಯವೂ ಈಥರೇ: ಆಕಾಶಕ್ಕೆ ಭೌತಗುಣಗಳಿವೆ, ಆ ಅರ್ಥದಲ್ಲಿ ಈಥರ್ ಉಂಟು, ಆದರೆ ಅದು ನಿಂತಿದೆಯೆಂದಾಗಲಿ ಚಲಿಸುತ್ತದೆಯೆಂದಾಗಲಿ ಹೇಳುವಂತಿಲ್ಲ ಎಂಬುದು ಅವನ ಅಭಿಪ್ರಾಯ. ಹಿರಿಯನ ಊರಿನಲ್ಲಿ ಹಿರಿಯನಿಗೆ ಸಲ್ಲಿಸಿದ ಗೌರವವೆಂದು ಕೆಲವರು ಇದನ್ನು ತೇಲಿಸುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಅದರ ಕಾರಣ ಮುಂದೆ ಬರುತ್ತದೆ.

೧೯೧೨ರಲ್ಲಿ ಲೊರೆಂಟ್ಸ್ ಲೈಡನ್ನಿನ ಪೀಠವನ್ನು ಬಿಟ್ಟುಕೊಟ್ಟು ಹಾರ್ಲೆಮ್ ನಗರದ ಟೈಲರ್ ಸಂಸ್ಥೆಗೆ ಹೋದ. ಪೀಠಕ್ಕೆ ಐನ್‌ಸ್ಟೈನ್ ಬರಲೆಂದು ಬಯಸಿದ್ದ. ಅವನು ಆಗಲೇ ಜೂರಿಕ್‌ಗೆ ಮಾತು ಕೊಟ್ಟಿದ್ದರಿಂದ ಎರೆನ್‌ಫೆಸ್ಟ್ ಬಂದ. ಆದರೂ ಸೋಮವಾರ ಬೆಳಗಿನ ಉಪನ್ಯಾಸವನ್ನು ಲೊರೆಂಟ್ಸ್ ಬಿಡಲಿಲ್ಲ. ಈ ವೇಳೆಗೆ ಆತ ಯುರೋಪಿನ ಭೌತವಿಜ್ಞಾನಿಗಳಿಗೆಲ್ಲ ಯಜಮಾನನಂತಾಗಿದ್ದ. ಬ್ರಸೆಲ್ಸಿನ ಸಾಲ್ವೆ ಸಮ್ಮೇಳನಗಳಲ್ಲಿ ೧೯೧೧ರ ಮೊದಲನೆಯದರಿಂದ ೧೯೨೭ರ ಐದನೆಯದರವರೆಗೆ ಐದಕ್ಕೂ ಆತನೇ ಅಧ್ಯಕ್ಷ. ಜರ್ಮನ್, ಫ್ರೆಂಚ್, ಇಂಗ್ಲಿಷ್ ಮೂರನ್ನೂ ನಿರರ್ಗಳವಾಗಿ ಆಡಬಲ್ಲವನಾದ್ದರಿಂದ ಒಬ್ಬರ ವಾದವನ್ನು ಇನ್ನೊಬ್ಬರಿಗೆ ಅವರವರ ಭಾಷೆಯಲ್ಲಿಯೇ ತಿಳಿಯಹೇಳುತ್ತಿದ್ದ.

ಮೊದಲನೆಯ ಮಹಾಯುದ್ಧ ಈ ಸಂಸಾರವನ್ನು ಒಡೆಯಿತು. ೧೯೧೪ರಲ್ಲಿ ಜರ್ಮನಿಯ ೯೩ ಮಂದಿ ಪಂಡಿತರು ತಮ್ಮ ಸೈನ್ಯದ ಮೇಲಿನ ಆರೋಪಗಳನ್ನೆಲ್ಲ ಅಲ್ಲಗಳೆದು ಪ್ರಕಟಣೆ ಹೊರಡಿಸಿದರು. ಪ್ಲಾಂಕನ ಸಹಿಯೂ ಅದರಲ್ಲಿತ್ತು. ಬೆಲ್ಜಿಯಂ, ಫ್ರಾನ್ಸ್‌ಗಳ ವಿದ್ವಾಂಸರು ಅವರ ಮುಖ ನೋಡುವುದಿಲ್ಲವೆಂದರು. ತಟಸ್ಥ ದೇಶದ ಪ್ರಜೆಯಾದ ಲೊರೆಂಟ್ಸ್ ಎರಡು ಕಡೆಗೂ ಪತ್ರ ಬರೆಯುತ್ತ ಕುಳಿತ. ೧೯೧೬ರಲ್ಲಿ ಪ್ಲಾಂಕ್ ಆತನನ್ನೇ ಉದ್ದೇಶಿಸಿ ಬಹಿರಂಗ ಪತ್ರವೊಂದನ್ನು ಪ್ರಕಟಿಸಿ ತನ್ನ ನಿಲುವನ್ನು ತಕ್ಕಮಟ್ಟಿಗೆ ಸಡಿಲಿಸಿದ್ದು ಈ ಒತ್ತಾಯದ ಫಲ. ಯುದ್ಧ ಮುಗಿದ ಮೇಲೂ ದ್ವೇಷ ಆರಲಿಲ್ಲ. ೧೯೨೧, ೧೯೨೪ರ ಸಾಲ್ವೆ ಸಭೆಗಳಿಂದ ಜರ್ಮನರನ್ನು ಹೊರಗಿಟ್ಟರು. ೧೯೨೬ರಲ್ಲಿ ಲೊರೆಂಟ್ಸ್ ಬೆಲ್ಜಿಯಂ ದೊರೆಯನ್ನು ಸ್ವತಃ ಕಂಡು ಒಪ್ಪಿಗೆ ಪಡೆದ. ೧೯೨೭ರಲ್ಲಿ ಪ್ಲಾಂಕ್, ಐನ್‌ಸ್ಟೈನ್, ಹೈಸನ್‌ಬರ್ಗ್, ಬೋರ್, ಮೇರಿ ಕ್ಯೂರಿ ಒಂದೇ ಚಿತ್ರದಲ್ಲಿ ಕುಳಿತಿರುವುದನ್ನು ನಾವೆಲ್ಲ ನೋಡಿದ್ದೇವೆ. ಮುಂದಿನ ಸಾಲಿನಲ್ಲಿ, ಮೇರಿ ಕ್ಯೂರಿ ಮತ್ತು ಐನ್‌ಸ್ಟೈನ್ ನಡುವೆ ಕುಳಿತ ಬಿಳಿಗಡ್ಡದ ಮುದುಕನೇ ಲೊರೆಂಟ್ಸ್.

ಆತನ ಕಡೆಯ ದೊಡ್ಡ ಕೆಲಸ ಎಲೆಕ್ಟ್ರಾನಿನದಲ್ಲ, ಸಮುದ್ರದ್ದು. ೧೯೧೬ರ ಪ್ರವಾಹದ ನಂತರ ಹಾಲೆಂಡಿನ ಸರ್ಕಾರ ಝೌಡರ್‌ಝೇ ಎಂಬ ಒಳಗಡಲಿನ ಬಾಯಿಗೆ ಕಟ್ಟೆ ಹಾಕಲು ನಿಶ್ಚಯಿಸಿತು. ಕಟ್ಟೆ ಎದ್ದರೆ ಹೊರಗಿನ ಕರಾವಳಿಯಲ್ಲಿ ಉಬ್ಬರವೂ ಬಿರುಗಾಳಿಯ ತೆರೆಯೂ ಎಷ್ಟು ಏರುತ್ತವೆ? ಒಳಗಿನವರನ್ನು ಉಳಿಸಲು ಹೋಗಿ ಹೊರಗಿನವರನ್ನು ಮುಳುಗಿಸಬಾರದಲ್ಲ. ೧೯೧೮ರಲ್ಲಿ ನೇಮಕವಾದ ಸಮಿತಿಗೆ ಲೊರೆಂಟ್ಸ್ ಅಧ್ಯಕ್ಷನಾದ. ಹೆಸರಿಗೆ ಅಧ್ಯಕ್ಷನಲ್ಲ, ಲೆಕ್ಕದ ಬಹುಪಾಲನ್ನು ತಾನೇ ಹೊತ್ತ. ಜಾಲದಂತೆ ಹರಡಿದ ಕಡಲಕಾಲುವೆಗಳನ್ನು ಒಂದೊಂದಾಗಿ ತೆಗೆದುಕೊಂಡ. ನೀರಿನ ಘರ್ಷಣೆ ವೇಗದ ವರ್ಗದಂತೆ ಏರುವುದರಿಂದ ಸಮೀಕರಣಗಳು ಬಿಡಿಸಲಾಗದಂತಾಗುತ್ತವೆ. ಒಂದು ಉಬ್ಬರವಿಳಿತದ ಅವಧಿಯಲ್ಲಿ ಕಳೆಯುವ ಶಕ್ತಿ ಸಮನಾಗುವಂತೆ ನೋಡಿಕೊಂಡು ಆ ಜಾಗದಲ್ಲಿ ಸರಳವಾದ ಘರ್ಷಣೆಯನ್ನು ಇಟ್ಟ. ಸುಲಭವಾಗಿ ಕಾಣುವ ಈ ಯುಕ್ತಿಯನ್ನು ಎಂಜಿನಿಯರುಗಳು ಇಂದಿಗೂ ಆತನ ಹೆಸರಿನಿಂದಲೇ ಕರೆಯುತ್ತಾರೆ. ಎಂಟು ವರ್ಷಗಳ ಅನಂತರ, ೧೯೨೬ರಲ್ಲಿ, ವರದಿ ಹೊರಬಂತು. ೩೨ ಕಿಲೋಮೀಟರ್ ಉದ್ದದ ಕಟ್ಟೆ ೧೯೩೨ರಲ್ಲಿ ಮುಗಿದಾಗ ಉಬ್ಬರ ಆತ ಬರೆದಿಟ್ಟಂತೆಯೇ ಏರಿತು. ನೋಡಲು ಆತನಿರಲಿಲ್ಲ. ಕಟ್ಟೆಯ ಹಡಗುಬಾಗಿಲುಗಳಿಗೆ ಆತನ ಹೆಸರಿದೆ.

ಲೊರೆಂಟ್ಸ್ ೧೯೨೮ರ ಫೆಬ್ರವರಿ ೪ರಂದು ಹಾರ್ಲೆಮ್‌ನಲ್ಲಿ ತೀರಿಕೊಂಡ. ೧೦ರಂದು ಶವಸಂಸ್ಕಾರ, ಮಧ್ಯಾಹ್ನ ಹನ್ನೆರಡಕ್ಕೆ ದೇಶದ ತಂತಿ, ಟೆಲಿಫೋನುಗಳೆಲ್ಲ ಮೂರು ನಿಮಿಷ ಸ್ತಬ್ಧವಾದವು. ತಂತಿಗಳಲ್ಲಿ ಹರಿಯುವುದೇನೆಂದು ಹೇಳಿಕೊಟ್ಟವನಿಗೆ ಇದಕ್ಕಿಂತ ತಕ್ಕ ಗೌರವ ಇನ್ನಾವುದು? ಐನ್‌ಸ್ಟೈನ್, ರದರ್‌ಫರ್ಡ್ ಬಂದು ನಿಂತಿದ್ದರು.

ಇಲ್ಲಿಗೆ ಜೀವನಚರಿತ್ರೆ ಮುಗಿಯಿತು. ಆತ ಕೇಳಿದ ಪ್ರಶ್ನೆ ಮುಗಿಯಲಿಲ್ಲ. ೧೯೬೪ರಲ್ಲಿ ಬೆಲ್ಜಿಯಂನ ಎಂಗ್ಲರ್ಟ್ ಮತ್ತು ಬ್ರೌಟ್, ಎಡಿನ್‌ಬರೊದ ಪೀಟರ್ ಹಿಗ್ಸ್, ಅನಂತರ ಗುರಾಲ್ನಿಕ್, ಹೇಗನ್, ಕಿಬಲ್ ಎಂಬ ಮೂವರು, ಒಂದೇ ಪತ್ರಿಕೆಯಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಒಂದೇ ವಿಚಾರವನ್ನು ಪ್ರಕಟಿಸಿದರು. ಸಾಮಾನ್ಯವಾಗಿ ಕ್ಷೇತ್ರದ ಶಕ್ತಿ ಅತ್ಯಂತ ಕಡಮೆಯಾಗಿರುವುದು ಕ್ಷೇತ್ರ ಸೊನ್ನೆಯಾಗಿದ್ದಾಗ. ಇವರು ಕಲ್ಪಿಸಿದ ಕ್ಷೇತ್ರದ ವಿಚಾರ ಹಾಗಲ್ಲ. ಅದು ಸೊನ್ನೆಯಾಗಿರುವುದಕ್ಕಿಂತ ತುಂಬಿರುವುದಕ್ಕೇ ಕಡಮೆ ಶಕ್ತಿ ಸಾಕು. ಆದ್ದರಿಂದ ಎಲ್ಲವನ್ನೂ ತೆಗೆದು ಬರಿದು ಮಾಡಿದ ಆಕಾಶದಲ್ಲಿಯೂ ಅದು ಎಲ್ಲೆಡೆ ಒಂದೇ ಪ್ರಮಾಣದಲ್ಲಿ ಉಳಿಯುತ್ತದೆ. ಅದರೊಡನೆ ಸಂಬಂಧವುಳ್ಳ ಕಣ ದ್ರವ್ಯರಾಶಿಯನ್ನು ಪಡೆಯುತ್ತದೆ. ಸಂಬಂಧ ಬಲವಾದಷ್ಟೂ ದ್ರವ್ಯರಾಶಿ ಹೆಚ್ಚು. ಬೆಳಕಿನ ಕಣಕ್ಕೆ ಆ ಸಂಬಂಧವಿಲ್ಲ, ಆದ್ದರಿಂದ ದ್ರವ್ಯರಾಶಿಯೂ ಇಲ್ಲ. ೧೯೬೪ರ ಲೇಖನಗಳ ಕಾಳಜಿ ಬಲಗಳನ್ನು ಹೊರುವ ಕಣಗಳದಾಗಿತ್ತು. ಎಲೆಕ್ಟ್ರಾನಿನ ದ್ರವ್ಯರಾಶಿಯನ್ನೂ ಅದೇ ಕ್ಷೇತ್ರದಿಂದ ಪಡೆಯಬಹುದೆಂದು ೧೯೬೭ರಲ್ಲಿ ತೋರಿಸಿದವನು ಸ್ಟೀವನ್ ವೈನ್‌ಬರ್ಗ್. ಅಬ್ದುಸ್ ಸಲಾಮನೂ ಸ್ವತಂತ್ರವಾಗಿ ಆ ದಾರಿಗೇ ಬಂದ. ೧೯೮೩ರಲ್ಲಿ ಸರ್ನ್‌ನಲ್ಲಿ ಪ್ರೋಟಾನಿನ ಸುಮಾರು ೮೬ ಮತ್ತು ೯೭ ಪಟ್ಟು ದ್ರವ್ಯರಾಶಿಯುಳ್ಳ ಬಲವಾಹಕ ಕಣಗಳು ದೊರೆತವು. ೨೦೧೨ರಲ್ಲಿ ಆ ಕ್ಷೇತ್ರದ ಅಲೆಯೇ ಆದ ಹಿಗ್ಸ್ ಕಣ, ಪ್ರೋಟಾನಿನ ಸುಮಾರು ೧೩೩ ಪಟ್ಟು. ಅದು ಸೇರಿದ ಬೋಸಾನ್ ಎಂಬ ಕುಲನಾಮ ನಮ್ಮ ಸತ್ಯೇಂದ್ರನಾಥ ಬೋಸರದು. ೨೦೧೩ರಲ್ಲಿ ಎಂಗ್ಲರ್ಟ್ ಮತ್ತು ಹಿಗ್ಸ್ ನೊಬೆಲ್ ಪಾರಿತೋಷಕವನ್ನು ಪಡೆದರು; ಬ್ರೌಟ್ ೨೦೧೧ರಲ್ಲಿಯೇ ಗತಿಸಿದ್ದರು. ಹಿಗ್ಸ್ ೨೦೨೪ರಲ್ಲಿ ತೀರಿಕೊಂಡರು.

ಇದನ್ನು ವಿವರಿಸುವವರು ಜೇನುತುಪ್ಪದ ಉಪಮೆಯನ್ನು ಬಳಸುತ್ತಾರೆ: ಕಣಗಳು ಜೇನಿನಲ್ಲಿ ಈಜಿದಂತೆ ನಿಧಾನವಾಗುತ್ತವೆಯಂತೆ. ಈ ಉಪಮೆಯನ್ನು ಬಿಡುವುದು ಒಳ್ಳೆಯದೆಂದು ಅಧ್ಯಾಪಕ ಮಿತ್ರರಲ್ಲಿ ನನ್ನ ವಿನಂತಿ. ಜೇನು ಓಡುವ ವಸ್ತುವನ್ನು ನಿಲ್ಲಿಸುತ್ತದೆ. ದ್ರವ್ಯರಾಶಿ ಓಡುವುದನ್ನು ಓಡಗೊಡುತ್ತದೆ, ವೇಗ ಬದಲಾಗುವುದನ್ನು ಮಾತ್ರ ವಿರೋಧಿಸುತ್ತದೆ. ಅಷ್ಟೇ ಅಲ್ಲ, ಜೇನಿನಲ್ಲಿ ಈಜುವವನಿಗೆ ತಾನು ಚಲಿಸುತ್ತಿದ್ದೇನೆಂದು ಗೊತ್ತಾಗುತ್ತದೆ. ಹಿಗ್ಸ್ ಕ್ಷೇತ್ರದಲ್ಲಿ ಗೊತ್ತಾಗುವುದಿಲ್ಲ. ನಿಂತವನಿಗೂ ಓಡುವವನಿಗೂ ಅದು ಒಂದೇ ರೀತಿ ಕಾಣುತ್ತದೆ, ಅದರ ಗಾಳಿ ಯಾರಿಗೂ ಬೀಸುವುದಿಲ್ಲ. ಲೊರೆಂಟ್ಸ್ ರೂಪಾಂತರದಲ್ಲಿ ಅದರ ಬೆಲೆ ಬದಲಾಗದೆ ಉಳಿಯುವುದೇ ಇದಕ್ಕೆ ಕಾರಣ. ಈಥರನ್ನು ಉಳಿಸಲೆಂದು ಆತ ಕಟ್ಟಿದ ಗಣಿತ ಈಥರನ್ನು ಕಳೆಯಿತು; ಅದೇ ಗಣಿತ, ಅರವತ್ತು ವರ್ಷಗಳ ಮೇಲೆ, ಗಾಳಿ ಬೀಸದಂತೆ ಆಕಾಶವನ್ನು ತುಂಬುವುದು ಸಾಧ್ಯವೆಂದು ತೋರಿಸಿತು. ಐನ್‌ಸ್ಟೈನನ ಲೈಡನ್ ಉಪನ್ಯಾಸವನ್ನು ಬರಿಯ ಉಪಚಾರವೆಂದು ತೇಲಿಸಬಾರದೆಂದು ನಾನು ಹೇಳಿದ್ದು ಇದಕ್ಕಾಗಿ.

ಇನ್ನೊಂದು ಮಾತನ್ನೂ ಹೇಳಬೇಕು. ಬೆಟ್ಟದ ಭಾರವೆಲ್ಲ ಹಿಗ್ಸ್ ಕ್ಷೇತ್ರದಿಂದಲೇ ಬಂತೆಂದು ತಿಳಿಯುವುದು ತಪ್ಪು. ನಮ್ಮ ಮೈಯ ಭಾರ ಬಹುಪಾಲು ಪ್ರೋಟಾನ್, ನ್ಯೂಟ್ರಾನ್‌ಗಳದು. ಅವುಗಳೊಳಗಿನ ಕ್ವಾರ್ಕ್‌ಗಳಿಗೆ ಹಿಗ್ಸ್ ಕ್ಷೇತ್ರದಿಂದ ಬಂದ ದ್ರವ್ಯರಾಶಿಯನ್ನೆಲ್ಲ ಕೂಡಿಸಿದರೂ ಒಟ್ಟಿನಲ್ಲಿ ಅದು ನೂರರಲ್ಲಿ ಒಂದು ಪಾಲಿನಷ್ಟಾಗಬಹುದು. ಮಿಕ್ಕುದೆಲ್ಲ ಕ್ವಾರ್ಕ್‌ಗಳ ಓಡಾಟದ ಮತ್ತು ಅವುಗಳನ್ನು ಬಿಗಿದಿರುವ ಪ್ರಬಲ ಕ್ಷೇತ್ರದ ಶಕ್ತಿ. ದ್ರವ್ಯರಾಶಿಯೆಂಬುದು ಕ್ಷೇತ್ರದ ಶಕ್ತಿಯೆಂಬ ಹಳೆಯ ಆಸೆ, ಬೇರೊಂದು ಕ್ಷೇತ್ರದ ಹೆಸರಿನಲ್ಲಿ, ಬೆಟ್ಟದ ಮಟ್ಟಿಗೆ ಬಹುವಾಗಿ ನೆರವೇರಿದೆ.

ನೆರವೇರದಿರುವುದು ಎಲೆಕ್ಟ್ರಾನಿನ ಮಟ್ಟಿಗೆ. ಪರಮಾಣುವಿನ ಗಾತ್ರ ಎಲೆಕ್ಟ್ರಾನಿನ ದ್ರವ್ಯರಾಶಿಗೆ ವಿಲೋಮವಾಗಿದೆ. ಅದು ಅರ್ಧವಾದರೆ ಪರಮಾಣು ಇಮ್ಮಡಿಯಾಗುತ್ತದೆ, ಸೊನ್ನೆಯಾದರೆ ಪರಮಾಣುವೇ ಕೂಡಿಕೊಳ್ಳುವುದಿಲ್ಲ. ಆದರೂ ಅದು ಪ್ರೋಟಾನಿನ ೧೮೩೬ರಲ್ಲಿ ಒಂದು ಭಾಗ ಏಕೆ, ಬೇರೆ ಏಕಲ್ಲ ಎಂಬುದಕ್ಕೆ ಹಿಗ್ಸ್ ಸಿದ್ಧಾಂತದಲ್ಲಿ ಉತ್ತರವಿಲ್ಲ. ಎಲೆಕ್ಟ್ರಾನಿಗೂ ಕ್ಷೇತ್ರಕ್ಕೂ ಇರುವ ಸಂಬಂಧ ಇಷ್ಟೆಂದು ಅಳತೆಯಿಂದ ತಿಳಿದು ಬರೆದುಕೊಳ್ಳಬೇಕು. ಆ ಸಂಬಂಧವನ್ನು ನೇರವಾಗಿ ಪ್ರಯೋಗದಲ್ಲಿ ಕಂಡದ್ದೂ ಇಲ್ಲ. ಹಿಗ್ಸ್ ಕಣ ಭಾರವಾದ ಕಣಗಳೊಡನೆ ಸಿದ್ಧಾಂತ ಹೇಳಿದಂತೆಯೇ ನಡೆದುಕೊಳ್ಳುವುದನ್ನು ಸರ್ನ್‌ನವರು ಕಂಡಿದ್ದಾರೆ; ಎಲೆಕ್ಟ್ರಾನಿನ ೨೦೭ ಪಟ್ಟು ಭಾರದ ಮ್ಯೂಆನ್ ಕಣದ ವಿಷಯದಲ್ಲಿಯೂ ೨೦೨೦ರಲ್ಲಿ ಸಾಕ್ಷ್ಯ ದೊರೆಯಿತು. ಎಲೆಕ್ಟ್ರಾನ್ ಜೋಡಿಯಾಗಿ ಹಿಗ್ಸ್ ಕಣ ಒಡೆಯುವುದು ಮ್ಯೂಆನ್ ಜೋಡಿಯಾಗಿ ಒಡೆಯುವುದಕ್ಕಿಂತ ನಲವತ್ತು ಸಾವಿರ ಪಟ್ಟಿಗೂ ಹೆಚ್ಚು ಅಪರೂಪ. ಲೊರೆಂಟ್ಸ್ ೧೯೦೪ರಲ್ಲಿ ಲೆಕ್ಕಕ್ಕೆ ಕುಳಿತ ಆ ಹಗುರವಾದ ಕಣದ ಸರದಿ ಇನ್ನೂ ಬಂದಿಲ್ಲ.